ಅವ್ವನ ಮುಖಕ್ಕೆ ಬೇಕಾದಷ್ಟು ಬೆಳಕು

ಸಿಂಧನೂರಿನಲ್ಲಿ ನನಗೂ ನನ್ನ ಗಂಡನಿಗೂ ಸೇರಿ ಒಂದು ವಿಡಿಯೊ ಸ್ಟುಡಿಯೊ ಇದೆ. ಗಿರಾಕಿಗಳ ಜೊತೆ ನಗುನಗುತ್ತ ಮಾತಾಡುವುದು, ಎಡಿಟಿಂಗ್ ಮಾಡುವುದು, ಹಾಡು ಸೇರಿಸುವುದು ಅವರ ಪಾಲು. ಕ್ಯಾಮೆರಾ ನನ್ನ ಪಾಲು. ಮದುವೆ, ಕುಬುಸ, ತೊಟ್ಟಿಲು, ಏನಿದ್ದರೂ ಈ ಕಡೆಯ ಎಷ್ಟೋ ಮನೆಗಳಲ್ಲಿ ಗಂಡಸು ಕ್ಯಾಮೆರಾ ಹಿಡಿದು ಒಳಗೆ ಬಂದರೆ ಹೆಂಗಸರು ಸೆರಗು ಎಳೆದುಕೊಳ್ಳುತ್ತಾರೆ. ನಾನು ಹೋದರೆ ಚಹಾ ಕೊಟ್ಟು ಕೂಡಿಸಿಕೊಳ್ಳುತ್ತಾರೆ. ಊರವರ ಅವ್ವಂದಿರು ಮಗಳನ್ನು ಒಪ್ಪಿಸಿಕೊಟ್ಟು ಅಳುವುದನ್ನು ಇಷ್ಟು ಹತ್ತಿರದಿಂದ ಹಿಡಿದವಳು ನಾನು. ನನ್ನ ಸ್ವಂತ ಅವ್ವನ ಮುಖ ಮಾತ್ರ ನನ್ನ ಹತ್ತಿರ ಒಂದು ವಿಡಿಯೊದಲ್ಲೂ ಸರಿಯಾಗಿ ಇರಲಿಲ್ಲ.

ಅದಕ್ಕೆ ಅವಳೇ ಕಾರಣ. ಮಸ್ಕಿಯ ತವರುಮನೆಯಲ್ಲಿ ನಾನು ಕ್ಯಾಮೆರಾ ಚೀಲದ ಜಿಪ್ಪು ಎಳೆದ ಸಪ್ಪಳ ಕೇಳಿದರೆ ಸಾಕು, ಎದ್ದು ಹೋಗಿ ಹೊಸ್ತಿಲ ಹತ್ತಿರ ನಿಲ್ಲುವಳು.

"ನಂದೇನ್ ತಗೀತಿ, ಹಳೇ ಮಾರಿ. ಹುಡುಗರ್ನ ತಗಿ" ಎನ್ನುವಳು.

ಅವಳ ಬೆನ್ನ ಹಿಂದೆ ಮಸ್ಕಿಯ ಬಿಸಿಲು, ಒಳಗೆ ಕಲ್ಲುಮನೆಯ ಕತ್ತಲು. ಕ್ಯಾಮೆರಾದಲ್ಲಿ ಕಾಣುವುದು ಸೆರಗು ಹೊದ್ದ ಒಂದು ಕರಿ ಆಕಾರ ಅಷ್ಟೇ. ಮೂಗಿನ ನತ್ತೂ ಕಾಣುತ್ತಿರಲಿಲ್ಲ.

ಇದು ಯಾಕೆ ಹೀಗಾಗುತ್ತದೆ ಎಂದು ನಾನು ಅದೆಷ್ಟು ಜನರಿಗೆ ಹೇಳಿ ಸೋತಿದ್ದೇನೋ. ಆಟೋದಲ್ಲಿ ಇಟ್ಟ, ಅಂದರೆ ಬೆಳಕನ್ನು ತಾನೇ ಅಳೆದುಕೊಳ್ಳಲು ಬಿಟ್ಟ ಕ್ಯಾಮೆರಾ ಪಂಕ್ತಿಯಲ್ಲಿ ಬಡಿಸುವವನ ಹಾಗೆ, ಯಾರು ಬೇಕಾದವರು ಯಾರು ಬೇಡವಾದವರು ಅದಕ್ಕೆ ಗೊತ್ತಿಲ್ಲ. ಚೌಕಟ್ಟಿನ ತುಂಬ ಬಿಸಿಲು ಕಂಡರೆ ಬೆಳಕು ಅತಿಯಾಯಿತು ಎಂದು ತನ್ನ ಕಿಂಡಿಯನ್ನು ಕಿರಿದು ಮಾಡಿಕೊಳ್ಳುತ್ತದೆ. ಆಗ ನೆರಳಲ್ಲಿರುವ ಮುಖ ಇದ್ದಿಲು. ಆ ಕಿಂಡಿಗೆ ಐರಿಸ್ ಎನ್ನುತ್ತೇವೆ. ಅದನ್ನು ಕೈಯಿಂದ ತೆರೆದರೆ ಮುಖ ಬರುತ್ತದೆ, ಆದರೆ ಹೊರಗಿನ ಬಿಸಿಲೆಲ್ಲ ಸುಟ್ಟು ಬೆಳ್ಳಗಾಗಿ ಹೋಗುತ್ತದೆ. ಎರಡೂ ಬೇಕು ಅಂದರೆ ಮುಖದ ಮೇಲೆ ದೊಡ್ಡ ಲೈಟು ಹೊಡೆಯಬೇಕು, ಇಲ್ಲವೇ ಆ ಮನುಷ್ಯರನ್ನು ಎಬ್ಬಿಸಿ ಬೇರೆ ಕಡೆ ಕೂಡಿಸಬೇಕು. ಎರಡೂ ಆಗದಿದ್ದಾಗ ಯಾರು ಬೇಕು ಎಂದು ಒಬ್ಬರು ತೀರ್ಮಾನ ಮಾಡಲೇಬೇಕು. ಮುದಗಲ್‌ನ ಒಂದು ನಿಕಾಹ್‌ದಲ್ಲಿ ಮದುಮಗಳನ್ನು ಕಿಟಕಿಗೆ ಬೆನ್ನು ಮಾಡಿ ಕೂಡಿಸಿದ್ದರು. ಜರಿ ಮಿಂಚಿತು, ಹುಡುಗಿ ಮಾಯ. ಅವತ್ತಿನಿಂದ ನಾನು ಆಟೋವನ್ನು ನಂಬಿಲ್ಲ.

ನನ್ನ ಗಂಡ ಇವತ್ತಿಗೂ ನಂಬುತ್ತಾರೆ. "ಮಷೀನ್‌ಗೆ ನಿನಗಿಂತ ಜಾಸ್ತಿ ಗೊತ್ತೈತಿ" ಎನ್ನುವುದು ಅವರ ಮಾತು. ನಮ್ಮ ಜಗಳಗಳಲ್ಲಿ ಅರ್ಧ ಇದರ ಮೇಲೆಯೇ. ಮಿಕ್ಕ ಅರ್ಧ ಎಲ್ಲರ ಮನೆಯಲ್ಲೂ ಇರುವಂಥವೇ.

ಲಿಂಗಸುಗೂರಿನ ಆಸ್ಪತ್ರೆಯಲ್ಲಿ ನನ್ನ ಹೊಟ್ಟೆ ಕೊಯ್ದು ಕೂಸನ್ನು ತೆಗೆದರು. ಹೆಣ್ಣು ಕೂಸು, ತೂಕ ಕಡಿಮೆ. ಬಾಣಂತನಕ್ಕೆ ಅವ್ವ ನನ್ನನ್ನು ಮಸ್ಕಿಗೆ ಕರೆದುಕೊಂಡು ಬಂದಳು. ಒಳಕೋಣೆಯಲ್ಲಿ ಹೊರಸು, ಹೊರಸಿನ ಕೆಳಗೆ ಕೆಂಡ, ಅದರ ಮೇಲೆ ಅಜಿವಾನದ ಹೊಗೆ. ನನ್ನ ಕಿವಿಯಲ್ಲಿ ಹತ್ತಿ, ತಲೆಗೆ ಬಿಗಿಯಾಗಿ ಕಟ್ಟಿದ ಬಟ್ಟೆ. ಗಾಳಿ ಬರಬಾರದು, ಬೆಳಕು ಬರಬಾರದು, ಫೋನ್ ನೋಡಬಾರದು, ಜೋರಾಗಿ ಮಾತಾಡಬಾರದು. ಮೊದಲ ವಾರ ನಾನು ಎಲ್ಲದಕ್ಕೂ ಸಿಡುಕಿದೆ. ಅವ್ವ ಒಂದಕ್ಕೂ ತಲೆ ಕೆಡಿಸಿಕೊಳ್ಳಲಿಲ್ಲ. "ಬೈ, ಬೈ. ಬೈಯಾಕ ಶಕ್ತಿ ಬಂದೈತಿ ಅಂದ್ರ ಹೊಲಿಗಿ ಮಾಯಾಕತ್ತಾವು" ಎಂದು ಅಂಟಿನುಂಡೆಯನ್ನು ಬಾಯಿಗೆ ತುರುಕುವಳು.

ಹೀಗೆ ಎರಡು ವಾರ ಕಳೆದಿತ್ತು. ಅವತ್ತು ಬೆಳಿಗ್ಗೆ ಕೂಸಿಗೆ ಎರೆದು, ಲೋಬಾನದ ಹೊಗೆ ಹಿಡಿದು, ನನ್ನ ಮಗ್ಗುಲಲ್ಲಿ ಮಲಗಿಸಿದಳು. ಬಾಗಿಲ ಹತ್ತಿರ ಹೋಗಿ ಚೌಕಟ್ಟು ಹಿಡಿದು ನಿಂತಳು.

"ಎದಿ ಯಾಕೋ ಹಿಡದಂಗ ಆಗೈತಿ. ಗ್ಯಾಸ್ ಇರಬೇಕು. ಒಂದ್ ಸೋಡಾ ಕುಡದ್ ಬರ್ತೀನಿ, ನೀ ಕೂಸಿಗೆ ಹಾಲ್ ಕೊಡು."

"ಬೇ ಅವ್ವಾ, ಮೊದ್ಲು ಅಣ್ಣಗ ಹೇಳು" ಎಂದೆ.

"ಆತು ಬಿಡು" ಅಂದಳು. ನಾನು ತಲೆ ಎತ್ತಿ ನೋಡಿದೆ. ಹಿಂದೆ ಅಂಗಳದ ಬೆಳಕು, ಮುಂದೆ ಕರಿ ಆಕಾರ. ಮುಖ ಹೇಗಿತ್ತು, ನೋವಿತ್ತೋ ಇಲ್ಲವೋ, ನಕ್ಕಳೋ ಇಲ್ಲವೋ, ನನಗೆ ಕಾಣಲಿಲ್ಲ. ಸ್ವಲ್ಪ ಹೊತ್ತಿಗೆ ನೋವು ಹೆಚ್ಚಾಗಿ, ಅಣ್ಣ ಮತ್ತು ತಮ್ಮ ಅವಳನ್ನು ಕಾರಿನಲ್ಲಿ ಹಾಕಿಕೊಂಡು ಸಿಂಧನೂರಿನ ಕಡೆ ಹೊಡೆದರು. ಸಿಂಧನೂರು ಮುಟ್ಟುವ ಮೊದಲೇ ಅವಳು ಹೋಗಿದ್ದಳು.

ಈ ಸುದ್ದಿ ನನಗೆ ಹೇಳಿದವಳು ದೊಡ್ಡವ್ವ, ಅವ್ವನ ಅಕ್ಕ. ನಮ್ಮ ಮನೆಯಿಂದ ಎರಡು ಓಣಿ ದಾಟಿದರೆ ಅವಳ ಮನೆ. ಹೇಳಿ, ನಾನು ಅಳುವುದಕ್ಕೂ ಬಿಡದೆ ಕೂಸನ್ನು ಬಟ್ಟೆಯಲ್ಲಿ ಸುತ್ತಿದಳು. "ಏಳು. ಹೆಣ ಬರೂದ್ರೊಳಗ ನಮ್ಮನಿಗೆ ಹೋಗೂನು."

"ನಾ ಎಲ್ಲಿಗೂ ಬರಂಗಿಲ್ಲ. ನಮ್ಮವ್ವನ್ ನೋಡ್ತೀನಿ."

"ಹಸೀ ಬಾಣಂತಿ ನೀ. ಕೂಸು ನೋಡು, ಕೈಯಾಗ ಇಟ್ರ ಇಲ್ಲ ಅನ್ನಂಗೈತಿ. ಏಳು."

ನಮ್ಮದು ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮನೆತನ. ಹುಟ್ಟಿದ ಸೂತಕ, ಸತ್ತ ಸೂತಕ ಯಾವುದೂ ಶರಣರಿಗಿಲ್ಲ ಎಂದು ಅಣ್ಣ ಸಭೆಗಳಲ್ಲಿ ಮೈಕು ಹಿಡಿದು ಹೇಳುತ್ತಾನೆ. ಮನೆಯೊಳಗೆ ಬಂದರೆ ಬಾಣಂತಿ ಹೆಣ ನೋಡಬಾರದು, ಹೆಣದ ಮನೆಗೆ ಹೋದವರು ಬಾಣಂತಿಯನ್ನು ಮುಟ್ಟಬಾರದು. ಮೈಕಿನ ಮಾತು ಹೊಸ್ತಿಲ ಒಳಗೆ ಬರುವುದಿಲ್ಲ. ಅಣ್ಣನ ಮೇಲೆ ನನಗೆ ಎಂಥ ಸಿಟ್ಟು ಬಂತೆಂದರೆ, ಎದುರಿಗೆ ಇದ್ದಿದ್ದರೆ ಅವತ್ತೇ ಮುಖಕ್ಕೆ ಹೇಳುತ್ತಿದ್ದೆ. ಆದರೆ ನಾನು ಎದ್ದೆ. ಹಿಂದಿನ ಬಾಗಿಲಿನಿಂದ, ಮುಖ ಮುಚ್ಚುವಂತೆ ಮೈತುಂಬ ಕಂಬಳಿ ಹೊದ್ದು, ಹೊಲಿಗೆಯ ಮೇಲೆ ಕೈ ಒತ್ತಿಕೊಂಡು ಹೋದೆ. ಇದಕ್ಕೆ ಮೊದಲಿನ ಕೂಸು ನನ್ನ ಹೊಟ್ಟೆಯಲ್ಲೇ ಹೋಗಿತ್ತು. ಈ ನಂಬಿಕೆಗಳೆಲ್ಲ ಸುಳ್ಳು ಎಂದು ನನಗೆ ಗೊತ್ತಿತ್ತು. ಅಕಸ್ಮಾತ್ ನಿಜವಾದರೆ ಎಂಬ ಹೆದರಿಕೆ ಆ ಗೊತ್ತಿಗಿಂತ ದೊಡ್ಡದಿತ್ತು.

ದೊಡ್ಡವ್ವನ ಮನೆಯಲ್ಲಿ ಜೋಳದ ಚೀಲ ಇಡುವ ಕೋಣೆಯನ್ನು ನನಗೆ ಕೊಟ್ಟರು. ಓಣಿಯ ಕಡೆಗೆ ಒಂದು ಕಿಟಕಿ, ಅದರ ಸಂದಿಗೆಲ್ಲ ಹಳೆ ಸೀರೆಯ ತುಂಡು ತುರುಕಿ, ಮೇಲೆ ಗೋಣಿ ಇಳಿಬಿಟ್ಟಿದ್ದರು. ದೊಡ್ಡವ್ವ ಬಾಗಿಲ ಹೊರಗೆ ಹೊಸ್ತಿಲಿಗೆ ಆತುಕೊಂಡು ಅಂಗಳಕ್ಕೆ ಮುಖ ಮಾಡಿ ಕೂತಳು. ನಾನು ಏಳಲು ಹೋದಾಗಲೆಲ್ಲ ಅವಳ ಬೆನ್ನು ಅಡ್ಡ.

"ನೀನರ ಹೋಗು ದೊಡ್ಡವ್ವಾ" ಎಂದೆ. "ನಿನ್ ತಂಗಿ ಆಕಿ."

"ನಾ ಹೋದ್ರ ನಿನ್ನ ಹಂತ್ಯಾಕ ಯಾರು ಬರ್ತಾರ? ಹೋಗಿ ಬಂದು ನಿನ್ನ ಮುಟ್ಟಾಕ ಬರಂಗಿಲ್ಲ." ಅವಳು ತಿರುಗಿ ನೋಡಲೇ ಇಲ್ಲ. "ಸುಮ್ನ ಮಕ್ಕೊ."

ಆಗ ನನಗೆ ಅವಳ ಮೇಲೂ ಸಿಟ್ಟೇ ಇತ್ತು. ಸೆರೆಮನೆಯ ಕಾವಲಿಗೆ ಕೂತಿದ್ದಾಳೆ ಎಂದು ಮನಸ್ಸಿನಲ್ಲೇ ಬೈದುಕೊಂಡೆ.

ಮಧ್ಯಾಹ್ನದ ಹೊತ್ತಿಗೆ ಗಂಡ ಫೋನ್ ಮಾಡಿದರು. ಸ್ಟುಡಿಯೊದಿಂದ ಕ್ಯಾಮೆರಾ ತಂದಿದ್ದರು. ಲೈವ್ ಬಿಡುತ್ತೇನೆ, ಫೋನಿನಲ್ಲಿ ನೋಡು ಎಂದರು. ಅಣ್ಣನದೇ ಯೋಚನೆಯಂತೆ. ನನಗೆ, ಬರಲಾಗದ ನೆಂಟರಿಗೆ, ಎಲ್ಲರಿಗೂ ಕಾಣಲಿ ಎಂದು. ಅವರ ದನಿ ಒಡೆದಿತ್ತು. ಅವ್ವ ಅವರನ್ನು ಎಂದೂ ಅಳಿಯ ಎಂದು ಕರೆದವಳಲ್ಲ, ಮಗನ ಹಾಗೆ ಬೈದು ಉಣ್ಣಿಸುತ್ತಿದ್ದಳು.

ನಾನು ಕಂಬಳಿಯೊಳಗೆ ಫೋನ್ ಹಿಡಿದೆ. ನಮ್ಮ ಪಡಸಾಲೆ ಕಂಡಿತು. ಅವ್ವನನ್ನು ಗೋಡೆಗೆ ಆನಿಸಿ, ನಮ್ಮ ಪದ್ಧತಿಯಂತೆ ಕೂಡಿಸಿದ್ದರು. ಬಾಗಿಲಿನಿಂದ ಜನ ಬಂದು ಮಾಲೆ ಹಾಕಿ ಕೈ ಮುಗಿಯುತ್ತಿದ್ದರು. ಮಠದ ಅಯ್ಯನವರು ಬಂದರು, ಪಾಮನಕಲ್ಲೂರಿನ ನೆಂಟರು ಬಂದರು, ಬಿಸಿಲಲ್ಲಿ ಬಾಗಿಲಿಗೆ ಬರುವಾಗ ಅವರೆಲ್ಲ ಒಳ್ಳೆ ಚೊಕ್ಕವಾಗಿ ಕಂಡರು. ಯಾಕೆಂದರೆ ಕ್ಯಾಮೆರಾವನ್ನು ಅವ್ವನ ಮಗ್ಗುಲಿನ ಒಳಮೂಲೆಯಲ್ಲಿ, ಬಾಗಿಲಿಗೆ ಎದುರಾಗಿ ಇಟ್ಟಿದ್ದರು. ಬಂದವರು ಕಾಣಬೇಕಲ್ಲ. ಬೆಳ್ಳನೆಯ ಬಾಗಿಲಿನ ಎದುರು ಅವ್ವ ಮತ್ತೆ ಅದೇ ಕರಿ ಆಕಾರ. ಸತ್ತ ಮೇಲೂ ಬಾಗಿಲ ಬೆಳಕಿಗೆ ಬೆನ್ನು ಕೊಟ್ಟವಳ ಹಾಗೇ ಕಂಡಳು.

ಫೋನ್ ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ. ಭಜನೆಯ ತಾಳದ ನಡುವೆ ಅವರಿಗೆ ಕೇಳುವುದಾದರೂ ಹೇಗೆ? ಲೈವ್‌ನ ಕೆಳಗೆ ಜನ ಓಂ ಶಾಂತಿ, ಓಂ ಶಾಂತಿ ಎಂದು ಬರೆಯುತ್ತಿದ್ದರು. ಅದರ ನಡುವೆ ನಾನೂ ಬರೆದೆ: ಮುಖ ಕಪ್ಪಾಗಿದೆ, ಆಟೋ ತೆಗೆಯಿರಿ. ಯಾರೋ ದೂರದ ನೆಂಟರು ನನಗೆ ಉತ್ತರವಾಗಿ ಕೈಮುಗಿಯುವ ಚಿತ್ರ ಕಳಿಸಿದರು. ಇನ್ನೊಬ್ಬರು, ಎಷ್ಟು ಜನ ಬಂದಿದ್ದಾರೆ, ಪುಣ್ಯವಂತೆ ಎಂದು ಬರೆದರು. ನನಗೆ ಫೋನನ್ನು ಗೋಡೆಗೆ ಹೊಡೆಯಬೇಕು ಅನ್ನಿಸಿತು. ಏನು ಮಾಡಬೇಕು ಎಂದು ನನಗೆ ಗೊತ್ತು. ಬೆರಳಿಂದ ಒಂದು ಚಕ್ರ ತಿರುಗಿಸುವ ಕೆಲಸ. ಆ ಚಕ್ರ ಎರಡು ಓಣಿಯ ಆಚೆ ಇತ್ತು, ನಾನು ಚೀಲಗಳ ನಡುವೆ ಕಿವಿಗೆ ಹತ್ತಿ ಇಟ್ಟುಕೊಂಡು ಕೂತಿದ್ದೆ.

ಇನ್ನೊಂದು ಸಂಗತಿ ಆಗ ಗೊತ್ತಾಯಿತು. ಸಾವಿನ ಮನೆಯ ಮುಂದೆ ಬಡಿಯುವ ಹಲಗೆಯ ಸಪ್ಪಳ ಹತ್ತಿ ದಾಟಿಕೊಂಡು, ಗೋಣಿ ದಾಟಿಕೊಂಡು ಓಣಿಯಿಂದ ಮೊದಲು ಬರುತ್ತಿತ್ತು. ಫೋನಿನಲ್ಲಿ ಅದೇ ಸಪ್ಪಳ ಸುಮಾರು ಹೊತ್ತಿನ ಮೇಲೆ ಬರುತ್ತಿತ್ತು. ಲೈವ್ ಎಂದು ಹೆಸರು, ತೋರಿಸುವುದು ಮುಗಿದದ್ದನ್ನು. ಎಷ್ಟೋ ಮದುವೆಗಳಲ್ಲಿ ಲೈವ್ ಬಿಟ್ಟಿದ್ದೇನೆ, ಈ ತಡ ಹೀಗೆ ಮೈಗೆ ತಾಗಿರಲಿಲ್ಲ.

ಅವ್ವನನ್ನು ವಿಮಾನದಲ್ಲಿ ಕೂಡಿಸಿದರು. ನಮ್ಮಲ್ಲಿ ಚಟ್ಟವಿಲ್ಲ. ಬಾಳೆದಿಂಡಿನ ಕಂಬ ಕಟ್ಟಿ, ಮೇಲೆ ಬಟ್ಟೆಯ ಚಪ್ಪರ ಹೊದಿಸಿ, ಹೂವು ಇಳಿಬಿಟ್ಟ ಆ ಪೀಠದಲ್ಲಿ ಕೂಡಿಸಿಕೊಂಡೇ ಒಯ್ಯುತ್ತಾರೆ. ಅವಳ ಸುತ್ತ ಬಿಳಿ ಬಟ್ಟೆ, ಬಿಳಿ ಹೂವು, ಬಿಳಿ ಟೋಪಿಯ ಜನ, ತಲೆಯ ಮೇಲೆ ಕೆಂಡದಂಥ ಬಿಸಿಲು. ಚಪ್ಪರದ ನೆರಳಿನಲ್ಲಿ ಅವಳ ಮುಖ. ಕ್ಯಾಮೆರಾ ಹೆದರಿ ಕಿಂಡಿಯನ್ನು ಇನ್ನೂ ಮುಚ್ಚಿಕೊಂಡಿತು. ಫೋನಿನಲ್ಲಿ ಹಣೆಯ ಮೇಲಿನ ವಿಭೂತಿಯ ಪಟ್ಟೆ ಮಾತ್ರ ಕತ್ತಲಲ್ಲಿ ತೇಲುತ್ತಿತ್ತು. ಕೆಳಗೆ ಕಣ್ಣಿಲ್ಲ, ಮೂಗಿಲ್ಲ, ಬಾಯಿಲ್ಲ. ಇದೇ ಕಡೆಯದು, ಇನ್ನು ಕುಣಿಗೆ ಇಳಿಸಿ ಮಣ್ಣು ಎಳೆದರೆ ಮುಗಿಯಿತು ಎನ್ನುವುದು ನನಗೆ ಆಗ ಪೂರ್ತಿ ತಿಳಿಯಿತು. ಮತ್ತೆ ಫೋನ್ ಮಾಡಿದೆ.

ಈ ಸಲ ಎತ್ತಿದರು.

"ಏನ್ರೀ, ಆಟೋ ತಗೀರಿ! ಅವ್ವನ ಮುಖ ಕಾಣವಲ್ದು."

"ಏನಂದಿ? ಕೇಳವಲ್ದು."

"ಐರಿಸ್ ತಗದ್ ಬಿಡ್ರಿ ಪೂರ್ತಿ! ಅವ್ವನ ಮುಖಕ್ಕ ಇಡ್ರಿ!"

"ತಗದ್ರ ಹೊರಗಿಂದೆಲ್ಲಾ ಬೆಳ್ಳಗಾಕ್ಕೈತಿ. ಮಂದಿ ಕಾಣಂಗಿಲ್ಲ. ನಿಮ್ಮಣ್ಣ ಇಲ್ಲೇ ನಿಂತಾನ, ಬಂದೋರೆಲ್ಲಾ ವಿಡಿಯೊದಾಗ ಬರಬೇಕು ಅಂತಾನ."

ಹಿಂದಿನಿಂದ ಅಣ್ಣನ ದನಿ ಕೇಳಿತು. "ಆಕೀಗ್ ಹೇಳ್ರಿ, ಅವ್ವಗ ಎಷ್ಟ್ ಮಂದಿ ಬಂದಾರ, ಅದು ಕಾಣಲಿ." ಅವನೂ ಅಳುತ್ತಿದ್ದ. ಅವನ ದೃಷ್ಟಿಯಲ್ಲಿ ಅದೇ ಅವ್ವನ ಮರ್ಯಾದೆ. ಈಗ ನನಗೆ ಅದು ಅರ್ಥವಾಗುತ್ತದೆ, ಆಗ ಆಗಲಿಲ್ಲ.

"ಮಂದಿ ನಾಳಿನೂ ಇರ್ತಾರ್ರೀ" ಎಂದು ಕೂಗಿದೆ. ಕೂಸು ಬೆಚ್ಚಿ ಎದ್ದು ಅತ್ತಿತು. ಆ ಕಡೆ ಫೋನ್ ಕಟ್ಟಾಯಿತು. ಅವರು ಕೇಳಿಸಿಕೊಂಡರೋ ಇಲ್ಲವೋ ಗೊತ್ತಾಗಲಿಲ್ಲ.

ಹಲಗೆ ಹತ್ತಿರ ಬಂತು. ಸ್ಮಶಾನಕ್ಕೆ ಹೋಗುವ ದಾರಿ ದೊಡ್ಡವ್ವನ ಓಣಿಯ ಮೇಲೆಯೇ. ನಮ್ಮ ಕಿಟಕಿಯ ಎದುರಿನ ತಿರುವಿನಲ್ಲಿ ಹೊರುವವರು ಯಾವಾಗಲೂ ನಿಂತು ಹೆಗಲು ಬದಲಿಸುತ್ತಾರೆ. ಚಿಕ್ಕವಳಿದ್ದಾಗಿನಿಂದ ನೋಡಿದ್ದೆ. ನಿಂತರು. "ಹರ ಹರ" ಎಂದರು. ಅವ್ವ ನನ್ನಿಂದ ಒಂದು ಗೋಡೆಯ ಆಚೆ ಇದ್ದಳು.

ನಾನು ಯೋಚನೆ ಮಾಡಲಿಲ್ಲ. ಕೂಸನ್ನು ಹೊರಸಿನ ಮೇಲೆ ಬಿಟ್ಟು, ಗೋಣಿ ಕಿತ್ತೆ, ಸೀರೆಯ ತುಂಡುಗಳನ್ನು ಎಳೆದು ಒಗೆದೆ, ಕಿಟಕಿಯ ಬಾಗಿಲನ್ನು ಎರಡೂ ಕೈಯಿಂದ ನೂಕಿದೆ.

ಬರೀ ಬಿಳಿ. ವಾರಗಟ್ಟಲೆ ಕತ್ತಲಲ್ಲಿ ಬಿದ್ದಿದ್ದ ಕಣ್ಣಿಗೆ ಮಸ್ಕಿಯ ಮಧ್ಯಾಹ್ನದ ಬಿಸಿಲು ನುಗ್ಗಿತು. ಸೂಜಿ ಚುಚ್ಚಿದ ಹಾಗಾಗಿ ಕಣ್ಣು ತಾವೇ ಮುಚ್ಚಿದವು, ನೀರು ಸುರಿಯಿತು. ತೆರೆಯಲು ಒದ್ದಾಡಿದೆ, ತೆರೆದರೆ ಮತ್ತೆ ಬಿಳಿ, ಬಿಳಿಯಲ್ಲಿ ಅಲುಗಾಡುವ ಬಿಳಿ. ಹೂವಿನ ವಾಸನೆ ಬಂತು, ಊದಿನಕಡ್ಡಿಯ ವಾಸನೆ ಬಂತು. ಯಾರದೋ ಹೆಗಲಿನ ಟವೆಲು ಕಿಟಕಿಯ ಸರಳಿಗೆ ಉಜ್ಜಿತು. ಅವ್ವ ಎಲ್ಲಿ ಎಂದು ಕಾಣಲಿಲ್ಲ. ಊರವರ ಕ್ಯಾಮೆರಾಗಳಿಗೆ ಬುದ್ಧಿ ಹೇಳುವವಳು ನಾನು, ನನ್ನ ಕಣ್ಣು ನನ್ನ ಮಾತು ಕೇಳಲಿಲ್ಲ. ಹಿಂದಿನಿಂದ ದೊಡ್ಡವ್ವ ಓಡಿ ಬಂದಳು. ಅವಳ ಕೈ ನನ್ನ ಭುಜದ ಮೇಲಿಂದ ಚಾಚಿ ಕಿಟಕಿಯ ಬಾಗಿಲಿಗೆ ಬಿತ್ತು. ಹಲಗೆ ಮತ್ತೆ ಶುರುವಾಯಿತು, ಮುಂದೆ ಸರಿಯಿತು. ಕಿಟಕಿ ಮುಚ್ಚಿತು.

"ಕೂಸು ಅಳಾಕತ್ತೈತಿ, ತಗೋ" ಎಂದಳು ದೊಡ್ಡವ್ವ. ಬೈಯಲಿಲ್ಲ.

ನಾನು ಕೂಸನ್ನು ಎದೆಗೆ ಹಾಕಿಕೊಂಡು ಗೋಡೆಗೆ ಒರಗಿದೆ. ಹಲಗೆ ದೂರ ಹೋಗಿ ಹೆಚ್ಚುಕಡಿಮೆ ನಿಂತೇ ಹೋದ ಮೇಲೆ ಫೋನಿನಲ್ಲಿ ದೊಡ್ಡವ್ವನ ಓಣಿ ಬಂತು. ಮೊದಲು ಅದೇ ಕತ್ತಲ ಮುಖ. ಆಮೇಲೆ ಚಿತ್ರ ಒಮ್ಮೆ ನಡುಗಿತು, ನಿಧಾನಕ್ಕೆ ಬೆಳಕಾಯಿತು. ಇನ್ನೂ ಬೆಳಕಾಯಿತು. ಜನ ಕರಗಿದರು, ಟೋಪಿ ಕರಗಿದವು, ಹೂವು ಕರಗಿತು, ಆಕಾಶ ಕರಗಿತು. ಚಪ್ಪರದ ಕೆಳಗಿನಿಂದ ಅವ್ವ ಬಂದಳು. ನತ್ತು, ಗಲ್ಲದ ಹಚ್ಚೆ, ಎಡಗಡೆ ಸ್ವಲ್ಪ ಜಾರಿದ ಬಾಯಿ. ನೋವಿರಲಿಲ್ಲ. ಬಿಸಿಲಲ್ಲಿ ಬಹಳ ಹೊತ್ತು ಕೆಲಸ ಮಾಡಿ ನೆರಳಿಗೆ ಬಂದು ಕೂತಾಗ ಅವಳ ಮುಖ ಹೇಗಿರುತ್ತಿತ್ತೋ ಹಾಗೇ ಇತ್ತು. ನಾನು ಕೂಸಿನ ತಲೆಯ ಮೇಲೆ ಮುಖ ಇಟ್ಟು ಅತ್ತೆ. ಬೆಳಗಿನಿಂದ ಬಾರದ ಅಳು ಬಂದಿದ್ದು ಆಗಲೇ.

ಬಾಣಂತನ ಮುಗಿಸಿ ಸಿಂಧನೂರಿಗೆ ಬಂದ ಮೇಲೆ ಅಣ್ಣನ ಫೋನ್ ಬಂತು.

"ಏನವಾ, ಮೆರವಣಿಗಿದು ಬರೇ ಬೆಳ್ಳಗ ಬಂದೈತಿ. ಅಯ್ಯನೋರಿಲ್ಲ, ಮಂದಿ ಇಲ್ಲ, ಯಾರೂ ಕಾಣಂಗಿಲ್ಲ. ಎಡಿಟಿಂಗ್‌ದಾಗ ಸರಿ ಮಾಡಾಕ ಬರ್ತೈತೇನು ನೋಡು."

ಬರುವುದಿಲ್ಲ ಎಂದು ಗೊತ್ತಿತ್ತು. ಕಪ್ಪಾದ ಕಡೆ ಏನಾದರೂ ಉಳಿದಿರುತ್ತದೆ, ಎಳೆದರೆ ಒಂದಿಷ್ಟು ಬರುತ್ತದೆ. ಬೆಳ್ಳಗೆ ಸುಟ್ಟ ಕಡೆ ಏನೂ ಇರುವುದಿಲ್ಲ. ಆದರೂ ಅವನ ಸಮಾಧಾನಕ್ಕೆ ಸ್ಟುಡಿಯೊದ ದೊಡ್ಡ ಪರದೆಯಲ್ಲಿ ಹಾಕಿದೆ. ಗಂಡ ಎದುರು ಮನೆಯ ಕಟ್ಟೆ ಹತ್ತಿ ನಿಂತು ತೆಗೆದಿದ್ದರು. ಅವ್ವನ ಮುಖ ಬಂದ ಕಡೆ ನಿಲ್ಲಿಸಿದೆ. ಫೋನಿನ ಸಣ್ಣ ಪರದೆಯಲ್ಲಿ ಅವಳನ್ನು ಬಿಟ್ಟು ಬೇರೇನನ್ನೂ ನಾನು ನೋಡಿರಲಿಲ್ಲ. ಈಗ ಅವಳ ಹಿಂದೆ, ಸುಟ್ಟು ಬಿಳಿಯಾದ ಗೋಡೆಯ ನಡುವೆ ಒಂದು ಕಿಟಕಿ ಕಂಡಿತು. ಅವ್ವನ ನೆರಳಿಗೆ ಇಟ್ಟ ಬೆಳಕು ಆ ಕತ್ತಲೆ ಕೋಣೆಗೂ ಸರಿಹೋಗಿತ್ತು. ತಲೆಗೆ ಬಟ್ಟೆ ಕಟ್ಟಿದ, ಸರಳು ಹಿಡಿದ ಹೆಂಗಸು ನಾನೇ. ಕಣ್ಣು ಬಿಗಿಯಾಗಿ ಮುಚ್ಚಿದ್ದೆ.

ನನ್ನ ಹಿಂದೆ ದೊಡ್ಡವ್ವ ಇದ್ದಳು. ಅವಳ ಕೈ ಕಿಟಕಿಯ ಬಾಗಿಲ ಮೇಲಿತ್ತು. ಒಂದೊಂದೇ ಚಿತ್ರ ಮುಂದೆ ಸರಿಸಿ ನೋಡಿದೆ. ಗಾಳಿಗೆ ಬಾಗಿಲು ಮುಚ್ಚಿಕೊಳ್ಳಲು ಬಂತು, ಅವಳ ಕೈ ಅದನ್ನು ಹಿಂದಕ್ಕೆ ನೂಕಿ ಹಿಡಿಯಿತು. ಬೆಳಗಿನಿಂದ ಅಂಗಳದ ಬೆಳಕಿಗೆ ಕೂತಿದ್ದ ಅವಳ ಕಣ್ಣು ಅಗಲವಾಗಿ ತೆರೆದಿದ್ದವು. ಹೆಗಲು ಬದಲಿಸಿ ವಿಮಾನ ಮುಂದೆ ಹೋಗುವವರೆಗೂ ತಂಗಿಯನ್ನು ನೋಡುತ್ತಲೇ ಇದ್ದಳು.

ಅಣ್ಣನಿಗೆ ಆಮೇಲೆ ಹೇಳಿದರಾಯಿತು ಎಂದು ದೊಡ್ಡವ್ವನಿಗೆ ಫೋನ್ ಮಾಡಿದೆ.

"ಅವತ್ತ ನೀ ಕಿಡಕಿ ಮುಚ್ಚಾಕ ಬಂದಿದ್ಯೋ ಏನು ತಗದ್ ಹಿಡಿಯಾಕ ಬಂದಿದ್ಯೋ?"

"ಮುಚ್ಚಾಕ ಬಂದಿದ್ದೆ" ಎಂದಳು. "ನಿನಗ ಕಣ್ಣ ಬಿಡಾಕ ಆಗಲಿಲ್ಲ. ಇಬ್ಬರೊಳಗ ಒಬ್ಬರರ ಆಕೀನ್ನ ನೋಡಬೇಕಲ್ಲ."

ಆಮೇಲೆ ಕೂಸು ಈಗ ಹೆಂಗೈತಿ, ಮೈ ಹಿಡಿದಿದೆಯೋ ಇಲ್ಲವೋ ಎಂದು ಕೇಳಿದಳು.